ಜಂತುಹುಳ ಅಲ್ಲಮ್ಮ
ಅಕ್ಟೋಬರ್ 12, 2025, ಭಾನುವಾರ. ಗಿರಿನಗರ

ಬೆಳಗ್ಗೆ ಕಣ್ಣು ಬಿಟ್ಟರೆ ಅಮ್ಮ ಬೇವಿನ ಕಷಾಯದ ಲೋಟ ಹಿಡಿದು ನಿಂತಿದ್ದಳು. "ರಾತ್ರಿಯೆಲ್ಲ ಕರಕರ ಅಂತ ಹಲ್ಲು ಕಡಿದೆ ಕಣೆ. ಇಲಿ ಬಂತೇನೋ ಅಂತ ಎದ್ದು ಲೈಟ್ ಹಾಕಿದೆ. ಹೊಟ್ಟೇಲಿ ಜಂತುಹುಳ ಇದೆ ನಿಂಗೆ."

36 ವರ್ಷಕ್ಕೆ ಜಂತುಹುಳ!

ಮೂರು ವಾರದ ಹಿಂದೆ ದವಡೆ ನೋವು ಅಂತ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿದ್ದೆ. ರೂಟ್ ಕೆನಾಲೇ ಗತಿ ಅಂದುಕೊಂಡಿದ್ದೆ. ಅವರು ಎಕ್ಸ್‌ರೇ ನೋಡಿ, "ಹುಳುಕು ಇಲ್ಲ. ತುದಿ ಸವೆದಿದೆ, ನಿದ್ದೇಲಿ ಕಡೀತೀರಿ. ಏನು ಕೆಲಸ ನಿಮ್ದು?" ಅಂದರು. ಹಲ್ಲಿಗೂ ಕೆಲಸಕ್ಕೂ ಏನು ಸಂಬಂಧ ಅಂತ ಆಗ ಹೊಳೆಯಲಿಲ್ಲ.

ನನ್ನದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಪೋರ್ಟ್ ಕೆಲಸ. ನಾಲ್ಕು ವಾರಕ್ಕೊಮ್ಮೆ ರಾತ್ರಿ ಆನ್-ಕಾಲ್ ಅಂತ ಲೆಕ್ಕ, ಅಂದರೆ ಸಿಸ್ಟಂ ಕೆಟ್ಟಿದೆ ಅಂತ ಫೋನಿಗೆ ಅಲರ್ಟ್ ಬಂದರೆ ಎಷ್ಟೊತ್ತಾದರೂ ಎದ್ದು ನೋಡಬೇಕು. ಏಪ್ರಿಲ್‌ನಲ್ಲಿ ಇಬ್ಬರು ಬಿಟ್ಟು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಈಗ ವಾರ ಬಿಟ್ಟು ವಾರ ನಂದೇ. ಮೊನ್ನೆ ಮೊಸರನ್ನ ಕಲಸುತ್ತಿದ್ದೆ. ಫೋನ್ ಗುರ್ ಅಂದ ಹಾಗಾಯಿತು. ಅನ್ನದ ಕೈಯಲ್ಲೇ ಎತ್ತಿ ನೋಡಿದರೆ ಏನೂ ಇಲ್ಲ. ಗಾಜಿನ ಮೇಲೆ ಮೊಸರು ಮಾತ್ರ. ಕುಕ್ಕರ್ ಕೂಗಿದರೂ ಎದೆ ಧಸಕ್ ಅನ್ನುತ್ತದೆ. ಸಾರಿಗೆ ಉಪ್ಪು ಜಾಸ್ತಿ ಅಂತ ಅಮ್ಮನ ಮೇಲೆ ಕೂಗಾಡಿದ್ದೂ ಆಯಿತು. ಉಪ್ಪು ಸರಿಯಾಗೇ ಇತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಬರ್ನ್‌ಔಟ್ ಅಂದರೆ ಏನು ಅಂತ ಇನ್ನಷ್ಟು ವಿವರವಾಗಿ ಬರೆಯಿತು, ಆದರೆ ಕಾಯಿಲೆ ಅಂತಲ್ಲ, ಕೆಲಸದಿಂದ ಬರೋ ಸ್ಥಿತಿ ಅಂತ. ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ನನ್ನ ಕೈಲಿ ಏನೂ ಆಗಲ್ಲ ಅನ್ನೋ ಭಾವ, ಮೂರೂ ಅದರ ಗುರುತು. ತಪ್ಪನ್ನು ಮನುಷ್ಯನ ತಲೆಗೆ ಕಟ್ಟಿಲ್ಲ ಅಂತ ಓದಿ ಸಮಾಧಾನವಾಯಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35-40 ಗಂಟೆಯವರಿಗಿಂತ ಲಕ್ವ ಹೊಡೆಯುವ ಅಪಾಯ ಸುಮಾರು 35% ಜಾಸ್ತಿ ಅಂತ 2021ರಲ್ಲಿ ಇದೇ ಸಂಸ್ಥೆ ಹೇಳಿತ್ತು. ನನ್ನ ಗಂಟೆ ಎಣಿಸಿದೆ. 58.

ಶುಕ್ರವಾರ ವಿಶ್ವ ಮಾನಸಿಕ ಆರೋಗ್ಯ ದಿನ. ಆಫೀಸಿನಲ್ಲಿ ಎಲ್ಲರಿಗೂ ನಗುಮುಖದ ಹಳದಿ ಚೆಂಡು ಕೊಟ್ಟರು, ಒತ್ತಡ ಆದಾಗ ಹಿಸುಕೋದಕ್ಕೆ. ಆಮೇಲೆ ಉಸಿರಾಟದ ಕ್ಲಾಸ್. ಮೂಗು ಮುಚ್ಚಿಕೊಂಡು ಕೂತಿದ್ದಾಗಲೇ ಎರಡು ಅಲರ್ಟ್ ಬಂತು. ಚೆಂಡಿನದೇನು ತಪ್ಪಿಲ್ಲ, ಪಾಪ.

ಅವತ್ತೇ ರಾತ್ರಿ ಟೆರೇಸ್‌ಗೆ ಹೋಗಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ನಂಗೇನೂ ಆಗಿಲ್ಲ, ನಿದ್ದೇಲಿ ಹಲ್ಲು ಕಡೀತೀನಿ ಅಷ್ಟೆ" ಅಂದೆ. ಆಕೆ ನಗಲಿಲ್ಲ. ನಿದ್ದೆ, ಊಟ ಕೇಳಿದರು. ಬದುಕೇ ಸಾಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿದರು. ಇಲ್ಲ ಅಂದೆ. ಕೊನೆಗೆ, "ಕೆಲಸದಲ್ಲಿ ಯಾವ ಒಂದು ವಿಷಯ ಬದಲಾದರೆ ನಿಮಗೆ ನಿದ್ದೆ ಬರಬಹುದು?" ಅಂದರು. ಈ ಪ್ರಶ್ನೆ ನನಗೆ ನಾನೇ ಕೇಳಿಕೊಂಡಿರಲಿಲ್ಲ.

ನಿನ್ನೆ ಕೂತು ಮ್ಯಾನೇಜರ್‌ಗೆ ಮೇಲ್ ಬರೆದೆ. ಸ್ಟ್ರೆಸ್ ಅನ್ನೋ ಪದ ಹಾಕಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ರಾತ್ರಿ ಬಂದ ಅಲರ್ಟ್ 23, ಅದರಲ್ಲಿ 14 ಒಂದೇ ಸುಳ್ಳು ಅಲಾರಂ ಅಂತ ಲೆಕ್ಕ ಕೊಟ್ಟೆ. ಆ ಅಲಾರಂ ಸರಿಪಡಿಸಬೇಕು, ರಾತ್ರಿ ಎದ್ದವರು ಮರುದಿನ ಮಧ್ಯಾಹ್ನ ಬಂದರೆ ಸಾಕು, ಸರದಿಗೆ ಇನ್ನೊಬ್ಬರು ಬೇಕು. ಮೊದಲಿನ ಎರಡಕ್ಕೆ ಸರಿ ಅಂದಿದ್ದಾರೆ. ಮೂರನೆಯದಕ್ಕೆ "ನೋಡೋಣ". ಆಫೀಸಿನ "ನೋಡೋಣ" ಅಂದರೆ ಏನು ಅಂತ ನಿಮಗೂ ಗೊತ್ತು, ಅಲ್ವಾ?

ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ನಿಮ್ಹಾನ್ಸ್‌ಗೆ ಹೋಗ್ತೀನಿ ಅಂತ ಅಮ್ಮನಿಗೆ ಹೇಳಿದೆ. "ನಿಮ್ಹಾನ್ಸಾ?" ಅಂತ ಕಿಟಕಿ ಕಡೆ ನೋಡಿ ದನಿ ತಗ್ಗಿಸಿದಳು. ಜಂತುಹುಳದ ವಿಷಯ ಮಾತ್ರ ಪಕ್ಕದ ಮನೆಗೂ ಹೇಳಿ ಬಂದಿದ್ದಾಳೆ. ಸ್ಕೂಲಲ್ಲಿ ನಾವೂ ಅಷ್ಟೆ, ಜಗಳ ಆದರೆ "ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತಿದ್ದೆವು.

ಕಷಾಯ ಕುಡಿದೆ, ಅವಳ ಸಮಾಧಾನಕ್ಕೆ.

ಈಗ ಒಂಬತ್ತು ಮುಕ್ಕಾಲು. ಈ ವಾರ ನನ್ನ ಸರದಿ ಇಲ್ಲ. ಇದನ್ನು ಹಾಕಿದ ಮೇಲೆ ಫೋನನ್ನು ಅಡುಗೆಮನೆಯಲ್ಲಿ ರಾಗಿ ಹಿಟ್ಟಿನ ಡಬ್ಬದ ಮೇಲೆ ಇಟ್ಟು ಬರ್ತೀನಿ. ಅಮ್ಮ ಆಗಲೇ ಮಲಗಿದ್ದಾಳೆ, ದಿಂಬಿನ ಪಕ್ಕ ಟಾರ್ಚ್ ಇಟ್ಟುಕೊಂಡು. ಇಲಿ ಬಂದರೆ ಅಂತ.