ಬೆಂಕಿ ನಾಯಿ ವರ್ಷದಲ್ಲಿ ಹುಟ್ಟಿದ ಅಜ್ಜಿ

ಪೊಲೀಸ್ ಇಲಾಖೇಲಿ ಗುಮಾಸ್ತನಾಗಿ ಸೇರಿದವನು ನಾನು, ಆಮೇಲೆ ಕೆಲವು ವರ್ಷ ಫಾರಿನರ್ಸ್ ಸೆಕ್ಷನ್ ನೋಡ್ಕೊಂಡೆ. ಹೆಸರು ಕೇಳಿದ್ರೆ ಏನೋ ದೊಡ್ಡದು ಅನ್ಸುತ್ತೆ, ಇದ್ದಿದ್ದು ಎರಡು ಟೇಬಲ್, ಒಂದು ಕಂಪ್ಯೂಟರ್, ಗೋಡೆ ತುಂಬ ಬೀರು. ಬರೋರೆಲ್ಲ ಹೆಚ್ಚುಕಮ್ಮಿ ಟಿಬೆಟಿನವರೇ. ಬೈಲಕುಪ್ಪೆ, ಗುರುಪುರ, ಒಡೆಯರಪಾಳ್ಯ, ಮುಂಡಗೋಡ, ಹೀಗೆ ನಮ್ಮ ರಾಜ್ಯದಲ್ಲಿ ಅವರ ಕ್ಯಾಂಪ್‌ಗಳಿವೆ, ಅದರಲ್ಲಿ ಯಾವುದು ನಮ್ಮದು ಅನ್ನೋದು ಇಲ್ಲಿ ಬೇಡ.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಬೇರೆ ಕಾನೂನೂ ಇಲ್ಲ, ಹಾಗಾಗಿ ಫೈಲ್ ಲೆಕ್ಕದಲ್ಲಿ ಇವರೆಲ್ಲ ವಿದೇಶಿಯರು. ಇಲ್ಲೇ ಹುಟ್ಟಿ ಇಲ್ಲಿನ ಮುದ್ದೆ ಸಾರು ತಿಂದು ಬೆಳೆದ ಹುಡುಗರೂ 16 ತುಂಬಿದ್ರೆ ಬಂದು ಆರ್‌ಸಿ, ಅಂದ್ರೆ ವಿದೇಶಿಯರ ನೋಂದಣಿ ಪುಸ್ತಕ, ಮಾಡಿಸ್ಬೇಕಿತ್ತು, ಆಮೇಲೆ ರಿನ್ಯೂವಲ್. ಆ ಪುಟ್ಟ ಪುಸ್ತಕ ಇಲ್ದಿದ್ರೆ ಅವರಿಗೆ ಲಾಡ್ಜಲ್ಲಿ ರೂಮ್ ಸಿಗೋದೂ ಕಷ್ಟ. ಚಳಿಗಾಲಕ್ಕೆ ಎಷ್ಟೋ ಜನ ಸ್ವೆಟರ್ ವ್ಯಾಪಾರ ಅಂತ ಊರೂರಿಗೆ ಹೋಗ್ತಾರೆ, ಅದಕ್ಕೆ ಮುಂಚೆ ಸೆಪ್ಟೆಂಬರಲ್ಲಿ ನಮ್ಮಲ್ಲಿ ಕಾಲಿಡೋಕೆ ಜಾಗ ಇರ್ತಿರ್ಲಿಲ್ಲ. ಅದರ ಮೇಲೆ ಹೆಸರಿನ ಪಾಡು, ದಲೈ ಲಾಮಾ ಅವರಿಂದಲೇ ಬಂದ ಹೆಸರು ಅಂತ ಅರ್ಧ ಕ್ಯಾಂಪ್ ಟೆನ್ಜಿನ್, ಸರ್‌ನೇಮ್ ಅನ್ನೋದೂ ಸಾಮಾನ್ಯವಾಗಿ ಇರಲ್ಲ.

ಅಂಥ ಒಂದು ದಿನ ಒಬ್ಬ ಅಜ್ಜಿ ಮೊಮ್ಮಗಳನ್ನ ಕರ್ಕೊಂಡು ಬಂದ್ರು. ಹುಡುಗಿದು ಮೊದಲ ಆರ್‌ಸಿ, ಅಜ್ಜಿದು ರಿನ್ಯೂವಲ್. ಹುಡುಗಿ ಕೆಲಸ ಹತ್ತು ನಿಮಿಷಕ್ಕೆ ಆಯ್ತು. ಅಜ್ಜಿ ಪುಸ್ತಕದಲ್ಲಿ ಹುಟ್ಟಿದ್ದು 1934 ಅಂತಿದೆ, ಬೇರೆ ಕಾಗದದಲ್ಲೆಲ್ಲ 1946. ಒಂದು ಕ್ಯಾಂಪಿಂದ ಮದುವೆಯಾಗಿ ಇನ್ನೊಂದಕ್ಕೆ ಬಂದಾಗ ಯಾರೋ ಹೊಸ ಪುಸ್ತಕ ಬರೆಯೋವಾಗ ಹಾಗೆ ಬರೆದಿದ್ದಾರೆ.

"ಅಜ್ಜಿ, ಯಾವ ವರ್ಷ ಹುಟ್ಟಿದ್ದು ನೀವು?"

"ನಾಯಿ ವರ್ಷ ಸಾರ್."

ಹಿಂದೆ ನಿಂತಿದ್ದೋರು ಯಾರೋ ನಕ್ಕರು, ನನಗೆ ನಗು ಬರ್ಲಿಲ್ಲ. ನಮ್ಮಜ್ಜಿನೂ ಹಾಗೇ, ಸಾಯೋವರೆಗೂ ಹುಟ್ಟಿದ ಇಸವಿ ಹೇಳ್ದೋಳಲ್ಲ, ಭಾವ ಸಂವತ್ಸರ ಅಂತಿದ್ಲು, ವೃದ್ಧಾಪ್ಯ ವೇತನದ ಅರ್ಜಿಗೆ ಇಸವಿ ಬೇಕು ಅಂದಾಗ ಪಂಚಾಂಗ ಹಿಡ್ಕೊಂಡು ಎಣಿಸಿದ್ದು ನಾನೇ. ಅವತ್ತೂ ಡ್ರಾಯರಿಂದ ಪಂಚಾಂಗ ತೆಗೆದೆ. ಅವರ ಕ್ಯಾಂಪ್ ನೋಡ್ಕೊಳ್ಳೋ ಸೆಟಲ್‌ಮೆಂಟ್ ಆಫೀಸಿಂದ ಬಂದಿದ್ದ ಹುಡುಗ ಟಿಬೆಟಿನವರ ಲೆಕ್ಕ ಹೇಳಿದ. ಅವರದೂ 60 ವರ್ಷದ ಚಕ್ರ, ಹನ್ನೆರಡು ಪ್ರಾಣಿಗೆ ಮರ, ಬೆಂಕಿ, ಮಣ್ಣು, ಕಬ್ಬಿಣ, ನೀರು ಸೇರಿಸಿ. ಆ ಚಕ್ರಕ್ಕೆ ರಬ್‌ಜುಂಗ್ ಅಂತಾರಂತೆ, ನಮ್ಮ ಪ್ರಭವ ಅನ್ನೋ ಪದದ್ದೇ ಟಿಬೆಟನ್ ರೂಪ ಅದು, ಈಗಿನ ಸುತ್ತಿನಲ್ಲಿ ನಮ್ಮ ಪ್ರಭವವೂ ಅವರ ಚಕ್ರವೂ ಶುರುವಾಗಿದ್ದು ಒಂದೇ ವರ್ಷ, 1987. ನನಗೆ ಮೈ ಜುಂ ಅಂತು. ಎದುರಿಗೆ ಫಾರಿನರ್ ಅಂತ ಬರ್ಕೊಂಡಿರೋ ಅಜ್ಜಿ, ಕಾಲ ಎಣಿಸೋದು ನಮ್ಮಜ್ಜಿ ಎಣಿಸಿದ ಹಾಗೇ.

1934 ಮರ ನಾಯಿ, 1946 ಬೆಂಕಿ ನಾಯಿ. ಯಾವ ನಾಯಿ ಅಂದ್ರೆ ಅಜ್ಜಿ ಬೆಂಕಿ ಅಂದ್ರು. 1959ರಲ್ಲಿ ಟಿಬೆಟ್ ಬಿಟ್ಟು ಗಡಿ ದಾಟೋವಾಗ ಅಮ್ಮನ ಕೈ ಹಿಡ್ಕೊಂಡಿದ್ರಂತೆ, ಆಮೇಲೆ ಬೆಟ್ಟದಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಹೊತ್ತು, ಬೈಲಕುಪ್ಪೆಗೆ ಬಂದು ಕಾಡು ಕಡಿದು, ರಾತ್ರಿ ಆನೆ ಬಂದ್ರೆ ಡಬ್ಬ ಬಡಿದು. "ಸಣ್ಣೋಳು ಸಾರ್ ಆವಾಗ, ಜೋಳ ಬಿತ್ತೋಕೆ ನಿಮ್ಮ ಕಡೆ ಹೆಂಗಸ್ರೇ ಕಲ್ಸಿದ್ದು, ಕನ್ನಡನೂ ಅವ್ರೇ." 1934 ಆಗಿದ್ರೆ ಆಗ ಇಪ್ಪತ್ತೈದರ ಹೆಂಗಸು, ಅಮ್ಮನ ಕೈ ಯಾಕೆ ಹಿಡೀತಿದ್ರು?

ಇದನ್ನ ಸುಮ್ನೆ ತಿದ್ದೋಕೆ ನನಗೆ ಅಧಿಕಾರ ಇರ್ಲಿಲ್ಲ. ಸೆಟಲ್‌ಮೆಂಟ್ ಆಫೀಸಿನ ಪತ್ರ, ಹಳೇ ಕ್ಯಾಂಪಿನ ರಿಜಿಸ್ಟರ್ ನಕಲು ಎಲ್ಲ ತರಿಸಿ ನೋಟ್ ಬರೆದು ಸಾಹೇಬ್ರಿಗೆ ಇಟ್ಟೆ, ಎರಡು ಸಲ ವಾಪಸ್ ಬಂತು, ಮೂರನೇ ಸಲಕ್ಕೆ ಒಪ್ಪಿದ್ರು.

ಹೊಸ ಪುಸ್ತಕ ತಗೊಳ್ಳೋಕೆ ಅಜ್ಜಿ ಒಬ್ರೇ ಬಂದಿದ್ರು, ಮೊಮ್ಮಗಳು ಆಗ್ಲೇ ಸ್ವೆಟರ್ ಅಂಗಡಿಗೆ ಹೋಗಿದ್ಲು. ಓದಿ ಹೇಳು ಅಂದ್ರು. 1946 ಅಂದೆ, ಅವರ ಮುಖದಲ್ಲಿ ಏನೂ ಬದಲಾಗ್ಲಿಲ್ಲ. "ಬೆಂಕಿ ನಾಯಿ, ಅಜ್ಜಿ. ನಮ್ಮಲ್ಲಿ ವ್ಯಯ ಸಂವತ್ಸರ ಅಂತೀವಿ" ಅಂದೆ. ಆಗ ಹೂಂ ಅಂತ ತಲೆ ಆಡಿಸಿ, ಪುಸ್ತಕಾನ ಹಣೆಗೆ ಒತ್ಕೊಂಡು ಬಟ್ಟೆ ಮಡಿಕೆಯೊಳಗೆ ಇಟ್ಕೊಂಡ್ರು.