ಎಂಜೈಮ್ ಇದೆ, ಲೈಸೋಸೋಮಿಗೆ ತಲುಪಿಲ್ಲ

ಹುಟ್ಟುವಾಗಲೇ ಕೈಕಾಲಿನ ಗಂಟುಗಳು ಬಿಗಿ, ಒಸಡು ದಪ್ಪ, ಮುಖ ಒರಟು ಎಂದರೆ ವೈದ್ಯರಿಗೆ ಮೊದಲು ನೆನಪಾಗುವುದು ಒಂದು ಎಂಜೈಮ್ ಕೊರತೆಯಿಂದ ಬರುವ ಹರ್ಲರ್ ಕಾಯಿಲೆ. ಆದರೆ ಹರ್ಲರ್ ಇರುವ ಮಕ್ಕಳು ಹುಟ್ಟುವಾಗ ಹೆಚ್ಚಾಗಿ ಸರಿಯಾಗಿಯೇ ಕಾಣುತ್ತಾರೆ. ಲಕ್ಷಣ ಹುಟ್ಟಿನಿಂದಲೇ ಇದ್ದು, ಮೂತ್ರದಲ್ಲಿ ಮ್ಯೂಕೋಪಾಲಿಸ್ಯಾಕರೈಡ್ ಎಂಬ ಉದ್ದ ಸಕ್ಕರೆ ಸರಪಳಿ ಏರಿಲ್ಲದಿದ್ದರೆ ಐ-ಸೆಲ್ ಕಾಯಿಲೆಯನ್ನು, ಅಂದರೆ ಎಂಜೈಮುಗಳು ಲೈಸೋಸೋಮಿಗೆ (ಕೋಶದೊಳಗೆ ಕಸ ಒಡೆಯುವ ಚೀಲ) ತಲುಪದ ಹುಟ್ಟುಕಾಯಿಲೆಯನ್ನು, ಹುಡುಕಲೇಬೇಕು.

ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು ಕಡೆ ಮಗುವಿನ ಬೆಳವಣಿಗೆ ಕುಂಠಿತವಾದರೆ ಮೊದಲು ಬರುವುದು ಎಂಡೋಸಲ್ಫಾನ್ ಕೀಟನಾಶಕದ ಮಾತು. ಇಲ್ಲಿನವರು ಉಂಡ ನೋವು ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೂ ಅಷ್ಟಕ್ಕೇ ನಿಂತರೆ ಎಂಜೈಮ್ ಪರೀಕ್ಷೆಯೇ ನಡೆಯುವುದಿಲ್ಲ.

1967ರಲ್ಲಿ ಲೆರಾಯ್ ಮತ್ತು ಡಿಮಾರ್ಸ್ ಎಂಬ ವಿಜ್ಞಾನಿಗಳು ಐ-ಸೆಲ್ ಕಾಯಿಲೆಯ ಮಕ್ಕಳ ಚರ್ಮದ ಕೋಶಗಳೊಳಗೆ ಕಪ್ಪು ಕಾಳುಗಳು ತುಂಬಿರುವುದನ್ನು ಕಂಡರು. ವಿಚಿತ್ರವೆಂದರೆ ಎಂಜೈಮುಗಳು ತಯಾರಾಗುತ್ತವೆ. ಕೋಶದೊಳಗೆ ಪ್ರೊಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಜಿಯಲ್ಲಿ ಅವುಗಳ ಮ್ಯಾನೋಸ್ ಸಕ್ಕರೆಗೆ ಫಾಸ್ಫೇಟ್ ಅಂಟಿಸುವ ಫಾಸ್ಫೋಟ್ರಾನ್ಸ್‌ಫರೇಸ್ ಎಂಬ ಎಂಜೈಮ್ ಮಾತ್ರ ಕೆಲಸ ಮಾಡುವುದಿಲ್ಲ. ಜಿಎನ್‌ಪಿಟಿಎಬಿ ಜೀನಿನ ಎರಡೂ ಪ್ರತಿಗಳು ಕೆಟ್ಟಿರುತ್ತವೆ. ಆ ಫಾಸ್ಫೇಟ್ ವಿಳಾಸಚೀಟಿ ಇದ್ದಂತೆ. ಅದಿಲ್ಲದೆ ಎಂಜೈಮುಗಳು ಲೈಸೋಸೋಮಿಗೆ ಹೋಗದೆ ಕೋಶದ ಹೊರಗೆ, ರಕ್ತಕ್ಕೆ ಸೋರುತ್ತವೆ. ಗ್ಲೂಕೋಸೆರೆಬ್ರೊಸಿಡೇಸ್ ಎಂಬ ಎಂಜೈಮ್ ಲಿಂಪ್-2 ಎಂಬ ಬೇರೆ ಪ್ರೊಟೀನಿನ ಜೊತೆ ಹೋಗುವುದರಿಂದ ಅದು ಲೈಸೋಸೋಮು ಸೇರುತ್ತದೆ.

ಹಾಗಾಗಿ ಬಿಳಿರಕ್ತಕಣದ ಪರೀಕ್ಷೆಯನ್ನಷ್ಟೇ ನಂಬಬೇಡಿ. ಅಲ್ಲಿ ಎಂಜೈಮ್ ಹೆಚ್ಚುಕಡಿಮೆ ಸಹಜವಾಗಿಯೇ ಬರಬಹುದು. ಕೇಳಬೇಕಾದ್ದು ಪ್ಲಾಸ್ಮಾ, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವದ ಪರೀಕ್ಷೆ. ಬೀಟಾ-ಹೆಕ್ಸೋಸಮಿನಿಡೇಸ್, ಅರೈಲ್‌ಸಲ್ಫಟೇಸ್ ಎ, ಇಡ್ಯುರೊನೇಟ್ ಸಲ್ಫಟೇಸ್ ಮುಂತಾದ ಹಲವು ಎಂಜೈಮುಗಳು ಅಲ್ಲಿ ಒಟ್ಟಿಗೆ 5ರಿಂದ 20 ಪಟ್ಟು ಏರಿರುತ್ತವೆ. ಒಂದೇ ಎಂಜೈಮನ್ನು ಅಳೆದರೆ ಈ ಚಿತ್ರ ಸಿಗುವುದಿಲ್ಲ.

ಮಾದರಿ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ರಕ್ತವನ್ನು ಹಾಗೆಯೇ ಇಟ್ಟುಕೊಂಡರೆ ಕಣಗಳು ಒಡೆದು, ಅವುಗಳೊಳಗಿನ ಎಂಜೈಮ್ ಪ್ಲಾಸ್ಮಾಕ್ಕೆ ಬೆರೆತು ಅಂಕಿ ಸುಳ್ಳು ಹೇಳುತ್ತದೆ. ರಕ್ತವನ್ನು ಜೋರಾಗಿ ತಿರುಗಿಸಿ ಕಣ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಇರುವಲ್ಲೇ ರಕ್ತ ತೆಗೆಸಿ, ಕೂಡಲೇ ಪ್ಲಾಸ್ಮಾ ಬೇರ್ಪಡಿಸಿ, ಹೆಪ್ಪುಗಟ್ಟಿಸಿ ಡ್ರೈ ಐಸಿನಲ್ಲಿ ಕಳಿಸಬೇಕು. ಪ್ಲಾಸ್ಮಾ ಕೆಂಪಗಿದ್ದರೆ ಕಳಿಸುವುದೇ ಬೇಡ, ಮತ್ತೆ ತೆಗೆಸಿ. ಕೋಶದಲ್ಲಿ ಕಸ ಕೂಡಿಬರುವ ಬೇರೆ ಶೇಖರಣಾ ಕಾಯಿಲೆಗಳಿಗೆ ಒಣರಕ್ತದ ಕಾರ್ಡ್ ಕಳಿಸುವವರು ಅದನ್ನು ನೆರಳಲ್ಲಿ, ಮಟ್ಟಸವಾಗಿ, 3-4 ಗಂಟೆ ಒಣಗಿಸಬೇಕು. ಆಟಿಯ ಮಳೆಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಬೇಗ ಒಣಗಲೆಂದು ಬಿಸಿಲಿಗಿಟ್ಟರೆ ಎಂಜೈಮ್ ಸಾಯುತ್ತದೆ, ವರದಿ "ಕಡಿಮೆ" ಎಂದು ಬರುತ್ತದೆ.

ಐ-ಸೆಲ್ ಕಾಯಿಲೆಗೆ ಎಂಜೈಮ್ ಇಂಜೆಕ್ಷನ್ ಇಲ್ಲ, ಏಕೆಂದರೆ ಕೊರತೆ ಒಂದೇ ಎಂಜೈಮಿನದಲ್ಲ. ಮುಂದಿನ ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ಶೇಕಡಾ 25. ಮೊದಲ ಮಗುವಿನ ಜೀನ್ ವರದಿ ಕೈಯಲ್ಲಿದ್ದರೆ ಮಾಸದ ಚೂರು ತೆಗೆದು 10-13ನೇ ವಾರದಲ್ಲೇ ಪರೀಕ್ಷಿಸಬಹುದು. ಆ ವರದಿಯ ಪ್ರತಿಯನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.