ವಾರಕ್ಕೆ ಮೂರು ದಿನ, ಒಂದು ರಾಡು

ಕುಂದಾಪುರ, 22 ಜೂನ್ 2025, ಭಾನುವಾರ

ಜಿಮ್ ಸೇರಿದಂದಿನಿಂದ ತಲೆ ಕೊರೆಯುತ್ತಿದ್ದ ವಿಷಯ ಇವತ್ತು ಒಂದು ತೀರ್ಮಾನಕ್ಕೆ ಬಂತು. ಅಲ್ಲಿ ಕೈಗಿತ್ತ ಆರು ದಿನದ ಚಾರ್ಟನ್ನು ಬದಿಗಿಟ್ಟು, ವಾರಕ್ಕೆ ಮೂರೇ ದಿನ ಇಡೀ ಮೈಗೆ ಕೆಲಸ ಕೊಡುವ ಕ್ರಮ ಹಿಡಿಯುತ್ತೇನೆ. ನಲವತ್ತೈದು ದಾಟಿದ ಮೇಲೆ ಮೊದಲ ಸಲ ರಾಡು (ಎರಡೂ ತುದಿಗೆ ಭಾರದ ಪ್ಲೇಟು ಹಾಕಿ ಎತ್ತುವ ಕಬ್ಬಿಣದ ಸರಳು) ಮುಟ್ಟುವವರು ಇನ್ನೂ ಇರಬಹುದು, ಹಾಗಾಗಿ ಕಾರಣಗಳನ್ನೂ ಬರೆದಿಡುತ್ತೇನೆ.

ಆ ಚಾರ್ಟ್ ಹೆಚ್ಚಿನ ಜಿಮ್‌ಗಳಲ್ಲಿ ಸಿಗುವಂಥದೇ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಕಾಲು, ಶುಕ್ರವಾರ ತೋಳು, ಶನಿವಾರ ಹೊಟ್ಟೆ. ವರ್ಷಗಟ್ಟಲೆ ಭಾರ ಎತ್ತಿ ಪಳಗಿದವರಿಗೆ ಇದು ಒಗ್ಗುತ್ತದೆ. ಅವರು ಒಂದು ದಿನ ಎದೆಗೆ ಕೊಡುವ ಪೆಟ್ಟು ಎಷ್ಟಿರುತ್ತದೆಂದರೆ ಸುಧಾರಿಸಿಕೊಳ್ಳಲು ಹಲವು ದಿನ ಹಿಡಿಯುತ್ತದೆ. ಹೊಸಬರು ಎತ್ತುವುದೇ ಕಡಿಮೆ. ನಮ್ಮ ಮೈ ಎರಡು ದಿನಗಳಲ್ಲಿ ಮತ್ತೆ ಸಿದ್ಧವಾಗಿರುತ್ತದೆ, ಆದರೆ ಚಾರ್ಟಿನಲ್ಲಿ ಅದರ ಸರದಿ ಬರಲು ಇಡೀ ವಾರ ಕಾಯಬೇಕು. ನನ್ನಂಥ ಶಿಕ್ಷಕಿಗೆ ಶಾಲೆಯ ಸಭೆಯೋ ಮನೆಗೆ ಬಂದ ನೆಂಟರೋ ಒಂದು ಗುರುವಾರವನ್ನು ನುಂಗಿದರೆ ಕಾಲಿಗೆ ವ್ಯಾಯಾಮವಾಗಿ ಹದಿನಾಲ್ಕು ದಿನ ಕಳೆದಿರುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದೇ ಕಾಲು ಮತ್ತು ಸೊಂಟದ ಬಲ. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದನ್ನು ನೋಡಿದವಳು ನಾನು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಭಾರ ಹೊರಿಸಿದರೆ ಮೂಳೆಯೂ ಸ್ನಾಯುವಿನಂತೆ ಅದಕ್ಕೆ ಸ್ಪಂದಿಸುತ್ತದೆ. ನಡಿಗೆಯೊಂದೇ ಇದಕ್ಕೆ ಸಾಲದು.

ಇನ್ನೊಂದು ಕಾರಣ ನನಗೆ ಇನ್ನೂ ದೊಡ್ಡದಾಗಿ ಕಂಡಿತು. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲದ ಬಹುಪಾಲು ಸ್ನಾಯು ದಪ್ಪವಾಗಿ ಬಂದದ್ದಲ್ಲ. ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸಲು ನರಗಳು ಕಲಿಯುತ್ತವೆ. ಅಂದರೆ ಸ್ಕ್ವಾಟ್, ಅಂದರೆ ರಾಡನ್ನು ಹೆಗಲ ಮೇಲಿಟ್ಟು ಕುಕ್ಕರಿಸಿ ಏಳುವುದು, ಕಲಿಯಬೇಕಾದ ವಿದ್ಯೆ. ಮಕ್ಕಳಿಗೆ ಮಗ್ಗಿಯನ್ನು ವಾರಕ್ಕೊಮ್ಮೆ ಒಂದು ಗಂಟೆ ಹೇಳಿಸುವ ಬದಲು ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಹೇಳಿಸಿದರೆ ಹೆಚ್ಚು ನಿಲ್ಲುತ್ತದೆ ಎಂಬುದು ತರಗತಿಯಲ್ಲಿ ನಿತ್ಯ ಕಾಣುವ ವಿಷಯ.

ಅಣ್ಣನ ಮಗ ನಾಲ್ಕು ದಿನದ ಕ್ರಮವನ್ನು ಒತ್ತಾಯಿಸಿದ. ಎರಡು ದಿನ ಸೊಂಟದಿಂದ ಮೇಲೆ, ಎರಡು ದಿನ ಕೆಳಗೆ. "ಅತ್ತೆ, ಮೂರು ದಿನ ಏನೇನೂ ಸಾಲುವುದಿಲ್ಲ" ಎಂದ. ಅದು ಒಳ್ಳೆಯ ಕ್ರಮವೇ, ಮುಂದೆ ಅದಕ್ಕೇ ಹೋಗುವ ಮನಸ್ಸಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೂರು ದಿನ ಕಡಿಮೆಯೇನಲ್ಲ.

ನೋಟ್‌ಬುಕ್ಕಿನಲ್ಲಿ ಎರಡು ಪುಟ ಮಾಡಿದ್ದೇನೆ. ಒಂದರಲ್ಲಿ ಸ್ಕ್ವಾಟ್, ಬೆಂಚ್ ಪ್ರೆಸ್ (ಅಂಗಾತ ಮಲಗಿ ರಾಡನ್ನು ಎದೆಯಿಂದ ಮೇಲೆ ತಳ್ಳುವುದು), ರೋ (ಮುಂದೆ ಬಾಗಿ ರಾಡನ್ನು ಹೊಟ್ಟೆಯತ್ತ ಎಳೆಯುವುದು). ಇನ್ನೊಂದರಲ್ಲಿ ಸ್ಕ್ವಾಟ್, ಓವರ್‌ಹೆಡ್ ಪ್ರೆಸ್ (ನಿಂತು ರಾಡನ್ನು ಭುಜದಿಂದ ತಲೆಯ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡನ್ನು ಎತ್ತಿ ನೆಟ್ಟಗೆ ನಿಲ್ಲುವುದು). ಸೋಮವಾರ ಮೊದಲ ಪುಟ, ಬುಧವಾರ ಎರಡನೆಯದು, ಶುಕ್ರವಾರ ಮತ್ತೆ ಮೊದಲನೆಯದು. ಮುಂದಿನ ವಾರ ಅದಲು ಬದಲು. ಒಂದೊಂದಕ್ಕೂ ಐದೈದರಂತೆ ಮೂರು ಸೆಟ್ (ಐದು ಸಲ ಎತ್ತಿ ವಿರಾಮ ತೆಗೆದುಕೊಂಡರೆ ಒಂದು ಸೆಟ್), ಡೆಡ್‌ಲಿಫ್ಟ್‌ಗೆ ಮಾತ್ರ ಒಂದೇ ಸೆಟ್, ಏಕೆಂದರೆ ಅದು ಬೆನ್ನನ್ನು ಬಹಳ ದಣಿಸುತ್ತದೆ. ಐದೈದರ ಐದು ಸೆಟ್ ಮಾಡುವ ಕ್ರಮವೂ ಹೆಸರಾಂತದ್ದು, ಆದರೆ ಭಾರ ಏರಿದಂತೆ ಸ್ಕ್ವಾಟ್ ಒಂದೇ ಅರ್ಧ ಗಂಟೆ ತಿನ್ನುತ್ತದೆ. ನನ್ನ ಬಳಿ ಅಷ್ಟು ಹೊತ್ತಿಲ್ಲ.

ಎಲ್ಲ ಸೆಟ್ಟೂ ಪೂರ್ತಿಯಾದರೆ ಮುಂದಿನ ಸಲ ಸ್ವಲ್ಪ ಭಾರ ಏರಿಸಬೇಕು. ಈ ಕ್ರಮದ ಜೀವಾಳವೇ ಇದು. 1940ರ ದಶಕದಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೈನ್ಯದ ವೈದ್ಯರು ಗಾಯಗೊಂಡ ಸೈನಿಕರ ಕಾಲಿಗೆ ಬಲ ಬರಿಸಿದ್ದು ಹೀಗೆ ಹಂತಹಂತವಾಗಿ ಭಾರ ಏರಿಸಿಯೇ. ಅಲ್ಲಿಯವರೆಗೆ ಇಂಥವರಿಗೆ ಹಗುರ ವ್ಯಾಯಾಮವನ್ನು ಹೆಚ್ಚು ಸಲ ಮಾಡಿಸುವುದು ವಾಡಿಕೆಯಾಗಿತ್ತು. ಇವತ್ತಿಗೂ ನಮ್ಮ ಜಿಮ್‌ಗಳಲ್ಲಿ ಹೆಂಗಸರಿಗೆ ಆ ಹಳೆಯ ಉಪಚಾರವೇ ನಡೆಯುತ್ತಿದೆ: ಎರಡು ಕೆ.ಜಿ. ಡಂಬೆಲ್, ಇಪ್ಪತ್ತು ಸಲ, ಆಮೇಲೆ ಟ್ರೆಡ್‌ಮಿಲ್. "ಅಕ್ಕಾ, ರಾಡು ನಿಮಗೆ ಬೇಡ" ಎಂದು ತರಬೇತುದಾರ ಪ್ರೀತಿಯಿಂದಲೇ ಹೇಳಿದ. ಬೇಕು ಎಂದೆ. ಆಮೇಲೆ ಅವನೇ ಮುಂದೆ ನಿಂತು ಸ್ಕ್ವಾಟ್ ತಿದ್ದಿದ: ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಗೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು, ಇಳಿಯುವ ಮುನ್ನ ಹೊಟ್ಟೆ ತುಂಬ ಉಸಿರು ಹಿಡಿಯಬೇಕು. ಆ ಮೂರು ಮಾತು ನೋಟ್‌ಬುಕ್ಕಿನ ಒಳರಟ್ಟಿನಲ್ಲಿವೆ.

ತೊಡಕು ಇರುವುದು ಪ್ಲೇಟಿನಲ್ಲಿ. ಬರೀ ರಾಡೇ ಇಪ್ಪತ್ತು ಕೆ.ಜಿ. ಜಿಮ್‌ನಲ್ಲಿರುವ ಅತಿ ಚಿಕ್ಕ ಪ್ಲೇಟು ಎರಡೂವರೆ ಕೆ.ಜಿ.ಯದು, ಎರಡೂ ಬದಿಗೆ ಹಾಕಿದರೆ ಒಮ್ಮೆಗೇ ಐದು ಕೆ.ಜಿ. ಏರುತ್ತದೆ. ಸ್ಕ್ವಾಟ್ ಕೆಲ ಕಾಲ ಅದನ್ನು ತಡೆದುಕೊಂಡೀತು. ಓವರ್‌ಹೆಡ್ ಪ್ರೆಸ್‌ನಲ್ಲಿ ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಹಾರುವುದೆಂದರೆ ಕಾಲು ಭಾಗ ಹೆಚ್ಚು, ಹೊಸ ಭುಜಕ್ಕೆ ಅದು ಆಗದ ಮಾತು. ಹಾಗಾಗಿ ಪ್ರೆಸ್‌ನಲ್ಲಿ ಭಾರ ಬಿಟ್ಟು ಎಣಿಕೆ ಏರಿಸುತ್ತೇನೆ: ಐದರಿಂದ ಆರು, ಏಳು, ಎಂಟು. ಮೂರು ಸೆಟ್ಟೂ ಎಂಟು ಮುಟ್ಟಿದ ಮೇಲಷ್ಟೇ ಪ್ಲೇಟು. ಒಂದೂಕಾಲು ಕೆ.ಜಿ.ಯ ಒಂದು ಜೋಡಿ ತರಿಸಿಕೊಡಿ ಎಂದು ಮಾಲೀಕರನ್ನು ಕೇಳಿದ್ದೇನೆ. ತರಿಸದಿದ್ದರೆ ನಾನೇ ಕೊಳ್ಳುತ್ತೇನೆ.

ಸಹೋದ್ಯೋಗಿಯೊಬ್ಬರು "ಗುರುರಾಜರ ಹಾಗೆ ಎತ್ತುತ್ತೀರಾ ಟೀಚರ್?" ಎಂದು ಕೇಳಿದರು. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್‌ನಲ್ಲಿ 2018ರಲ್ಲಿ ಬೆಳ್ಳಿ, 2022ರಲ್ಲಿ 61 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದವರು. 2022ರ ಕೂಟ ನಡೆದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರು ಎತ್ತಿದ ಒಟ್ಟು ಭಾರ 269 ಕೆ.ಜಿ. ಅವರ ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ರಾಡನ್ನು ಮಿಂಚಿನ ವೇಗದಲ್ಲಿ ತಲೆಯ ಮೇಲೆ ಒಯ್ಯುವ ವಿದ್ಯೆ. ಪಕ್ಕದಲ್ಲಿ ನುರಿತ ಕೋಚ್ ಇಲ್ಲದೆ ಅದಕ್ಕೆ ಕೈ ಹಾಕಬಾರದು. ನನ್ನ ಚಾರ್ಟಿನಲ್ಲಿ ಅವೆರಡೂ ಇಲ್ಲ. ಅವರ ಮೇಲಿನ ಅಭಿಮಾನ ಮಾತ್ರ ಧಾರಾಳವಾಗಿದೆ.

ಒಂದೇ ಭಾರ ಸತತ ಮೂರು ಸಲ ಕೈಕೊಟ್ಟರೆ ಶೇಕಡಾ 10ರಷ್ಟು ಇಳಿಸಿ ಮತ್ತೆ ಏರುವುದು. ಹಾಗೆ ಇಳಿಸಿ ಏರಿಯೂ ಅಲ್ಲೇ ನಿಂತರೆ ಅಣ್ಣನ ಮಗನ ನಾಲ್ಕು ದಿನದ ಕ್ರಮ. ದೀಪಾವಳಿಯವರೆಗಂತೂ ಬೇರೆ ಯಾವ ಚಾರ್ಟನ್ನೂ ನೋಡುವುದಿಲ್ಲ. ಸ್ಕ್ವಾಟ್ ಮಾಡಿದ ಮರುದಿನ ತೊಡೆ ಹಿಡಿದುಕೊಂಡು ಶಾಲೆಯ ಮೆಟ್ಟಿಲು ಇಳಿಯುವುದು ಕಷ್ಟ, ಆದರೆ ಎರಡನೆಯ ವಾರಕ್ಕೆ ಅದು ಬಹಳ ಕಡಿಮೆಯಾಗುತ್ತದಂತೆ. ನಾಳೆ ಸೋಮವಾರ, ಮೊದಲ ಪುಟ: ಸ್ಕ್ವಾಟ್ ಬರೀ ರಾಡಿನಲ್ಲಿ, ಐದೈದರ ಮೂರು ಸೆಟ್.